ಬಾಯಿ ಛಾಪ

ಅವ್ವ ದುಂಡವ್ವ ಸತ್ತಾಗ ಮಾಳಸಿದ್ದ ಇನ್ನೂ ಸಾಲಿಗೆ ಹೋಗದ ಹುಡುಗ. ಅವಳದೊಂದೂ ಫೋಟೋ ಇರಲಿಲ್ಲ. ಅಪ್ಪ, ಅಜ್ಜ ಇಬ್ಬರೂ ರುಮಾಲು ಸುತ್ತಿಕೊಂಡು ನಿಂತ ಫೋಟೋ ಇದ್ದವು. ಹೆಂಗಸರನ್ನು ಸ್ಟುಡಿಯೋಕ್ಕೆ ಕರೆದೊಯ್ಯುವ ರೂಢಿ ಭೋಜ ಎಂಬ ಊರಿನ ಆ ಮನೆಯಲ್ಲಿ ಇರಲಿಲ್ಲ, ಅಷ್ಟೇ. ಮಹಾಲಯ ಅಮಾವಾಸ್ಯೆಗೆ ಗಂಡಸರ ಫೋಟೋಕ್ಕೆ ಕುಂಕುಮ ಬೀಳುತ್ತಿತ್ತು. ದುಂಡವ್ವನ ಹೆಸರಿಗೆ ಒಂದು ಸೀರೆ ಮಡಿಚಿ ಇಡುತ್ತಿದ್ದರು.

ಅವನನ್ನು ನಿಪ್ಪಾಣಿಗೆ ಕರೆತಂದು ಸಾಕಿದವಳು ಅವ್ವನ ತಂಗಿ ಸುಂದ್ರವ್ವ. ಬೀಡಿ ಕಾರ್ಖಾನೆಯಲ್ಲಿ ಕಟ್ಟುಗಳಿಗೆ ಲೇಬಲ್ ಹಚ್ಚುವುದು ಅವಳ ಕೆಲಸ. ಹುಡುಗ ಚಿತ್ರ ಬರೆಯುವುದರಲ್ಲಿ ಚುರುಕಿದ್ದ. ಎಂಬತ್ತೆರಡನೇ ಇಸವಿಯಲ್ಲಿ ಜಯಪಾಲ ಎಂಬವರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆರ್ಟಿಸ್ಟ್ ಆದ. ಲೇಬಲ್ಲು, ಲಗ್ನಪತ್ರಿಕೆ, ಊದಿನಕಡ್ಡಿ ಡಬ್ಬಿ, ಏನು ಬಂದರೂ ಬರೆಯುತ್ತಿದ್ದ. ತನಗಾಗಿ ಬರೆಯಬೇಕೆಂದಿದ್ದುದು ಒಂದೇ ಚಿತ್ರ, ಅವ್ವನದು. ಆ ಸೀರೆಯ ಜಾಗದಲ್ಲಿ ಒಂದು ಮುಖ ಬರಬೇಕು ಎಂಬುದು ಅವನ ಆಸೆ.

ಅವನಿಗೆ ಅವ್ವನ ಮುಖ ನೆನಪಿರಲಿಲ್ಲ. ಸುಂದ್ರವ್ವ ಹೇಳುವುದು, ಇವನು ಬರೆಯುವುದು, ಅವಳು ಅಲ್ಲ ಅನ್ನುವುದು, ಇವನು ಅಳಿಸುವುದು. ಹೀಗೆ ಹಣೆ ಬಂತು, ಮೂಗು ಬಂತು, ಕಣ್ಣೂ ಬಂತು. ಬಾಯಿ ಮಾತ್ರ ಬರಲಿಲ್ಲ.

“ನಿಮ್ಮವ್ವ ಬಾಯಿ ತಗದು ನಗತಿದ್ದಿಲ್ಲೋ,” ಅಂದಳು ಸುಂದ್ರವ್ವ. “ಮುಂದಿನ ಹಲ್ಲ ಅರ್ಧ ಮುರದಿತ್ತು. ನಗು ಬಂತಂದ್ರ ಸೆರಗ ಅಡ್ಡ ಹಿಡೀತಿದ್ಲು.”

ಊಟದ ಬಿಡುವಿನಲ್ಲಿ ತಿದ್ದೋಣವೆಂದು ಆ ಚಿತ್ರವನ್ನು ಪ್ರೆಸ್ಸಿಗೆ ಒಯ್ದ. ಜಯಪಾಲರ ಕಣ್ಣಿಗೆ ಬಿತ್ತು. ಬೀಡಿ ಕಾರ್ಖಾನೆಗೆ ಹೊಸ ಲೇಬಲ್ ಬೇಕಾಗಿತ್ತು. ಮುಖ ಚಲೋ ಐತಿ ಅಂದರು. ಬಾಯಿ ತೆರೆಸು, ಹಲ್ಲು ಸಾಲಾಗಿ ಕಾಣಲಿ, ಮೂಗಿಗೊಂದು ನತ್ತು ಇಡು, ಕೊಲ್ಹಾಪುರದಾಗೂ ಓಡತೈತಿ ಅಂದರು. ಕೆಟ್ಟ ಮನುಷ್ಯರಲ್ಲ, ಧಂದೆ ಬಲ್ಲವರು. ಮಾಳಸಿದ್ದನೂ ಹೆಚ್ಚು ಯೋಚಿಸಲಿಲ್ಲ. ಇದು ಪ್ರೆಸ್ಸಿನದು, ಖರೇದು ಆಮೇಲೆ ಬರೆದರಾಯಿತು ಅಂದುಕೊಂಡ.

ಲೇಬಲ್ ಓಡಿತು. ಮರಾಠಿಯವರು ತಮ್ಮ ಮಾತಿನಲ್ಲಿ ಹೆಂಗಸು ಎಂಬ ಅರ್ಥಕ್ಕೆ ‘ಬಾಯಿ ಛಾಪ’ ಎಂದು ಕೇಳುತ್ತಿದ್ದರು. ಕನ್ನಡದವರು ಆ ಹಲ್ಲಿನ ಸಾಲು ನೋಡಿ, ಇದು ಮಾತಾಡುವ ಬಾಯಿಯೇ ಎಂದುಕೊಂಡು ‘ಹಲ್ಲ ಕಿಸಿಯೋ ಬಾಯಿ ಕೊಡ್ರಿ’ ಎಂದು ಕೇಳುತ್ತಿದ್ದರು. ಸುಂದ್ರವ್ವ ಮುಂಜಾನೆಯಿಂದ ಸಂಜೆತನಕ ಅದೇ ಮುಖಕ್ಕೆ ಅಂಟು ಹಚ್ಚಿ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಇಕಿ ಜೋಡಿ ಕಳದಷ್ಟ ಹೊತ್ತ ನಾ ನನ್ನ ನೆಗೆಣ್ಣಿ ಜೋಡಿನೂ ಕಳದಿಲ್ಲ ಎಂದು ನಗುತ್ತಿದ್ದಳು.

ಆಮೇಲೆ ಎಲ್ಲರಿಗೂ ಅದೇ ಮುಖ ಬೇಕಾಯಿತು. ಚಿಕ್ಕೋಡಿಯ ಸೀರೆ ಅಂಗಡಿಯ ಚೀಲಕ್ಕೆ, ರಾಯಬಾಗದ ನಶ್ಯದ ಡಬ್ಬಿಗೆ, ಅಥಣಿಯ ಕ್ಯಾಲೆಂಡರಿಗೆ. ಸೀರೆಯ ಬಣ್ಣ ಬದಲಾಗುತ್ತಿತ್ತು, ಕುಂಕುಮ ಸಣ್ಣದು ದೊಡ್ಡದು ಆಗುತ್ತಿತ್ತು. ರವಿವಾರವೂ ಕೆಲಸ. ಪ್ರತಿ ಅಮಾವಾಸ್ಯೆಗೂ ಸೀರೆ ಮಡಿಚಿ ಇಡುವಾಗ, ಬರೋ ವರ್ಷ ಖರೆ ಚಿಗವ್ವಾ ಅನ್ನುತ್ತಿದ್ದ.

ತೊಂಬತ್ತನಾಲ್ಕರಲ್ಲಿ ಸುಂದ್ರವ್ವನ ಎದೆ ಕೆಟ್ಟಿತು. ಮಿರಜದ ಡಾಕ್ಟರರು ಮನೆಗೆ ಒಯ್ಯಿರಿ ಅಂದರು. ಆಗ ಮಾಳಸಿದ್ದನಿಗೆ ಗಾಬರಿಯಾಯಿತು. ಅವ್ವನ ಮುಖ ಇದು, ಇದಲ್ಲ ಎಂದು ಹೇಳಬಲ್ಲವರು ಈ ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು. ರಜೆ ಕೇಳಿದ. ಜಯಪಾಲರು ರಜೆಯ ಜೊತೆಗೆ ಒಳ್ಳೆಯ ಕಾಗದವನ್ನೂ ಕೊಟ್ಟು ಕಳಿಸಿದರು.

ಹಾಸಿಗೆಯ ಪಕ್ಕ ಕುಳಿತು ಬರೆಯತೊಡಗಿದ. ಕೈ ತಾನೇ ಓಡಿತು. ಓಡಿ ಎಲ್ಲಿಗೆ ಹೋಗಿ ನಿಂತಿತೆಂದು ನೋಡಿದರೆ ಲೇಬಲ್ಲಿನ ಹೆಂಗಸು. ಹರಿದು ಮತ್ತೆ ಬರೆದ. ತುಟಿ ಮುಚ್ಚಿಸಿದರೆ ಅದೇ ಹೆಂಗಸು ಸಿಟ್ಟು ಮಾಡಿಕೊಂಡು ಕುಳಿತಂತೆ ಕಂಡಳು. ಹಲ್ಲು ಮುರಿದರೆ ಯಾರೋ ಹುಡುಗರು ಕಿಡಿಗೇಡಿತನಕ್ಕೆ ಲೇಬಲ್ ಮೇಲೆ ಮಸಿ ಬಳಿದಂತೆ. ಕಡೆಗೆ ಸೋತು, ಕೈಗೆ ಬಂದಂತೆ ಬರೆದದ್ದನ್ನೇ ಅವಳ ಮುಂದೆ ಹಿಡಿದ. ಅಲ್ಲ ಅನ್ನಲಿ, ಮತ್ತೆ ಮೊದಲಿನಿಂದ ಕೇಳಿ ಬರೆಯೋಣ ಎಂದಿತ್ತು ಅವನ ಮನಸ್ಸಿನಲ್ಲಿ.

ಸುಂದ್ರವ್ವ ಕಾಗದವನ್ನು ಕಣ್ಣ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

“ಹಾಂ. ಇಕಿನ ನೋಡು ನಮ್ಮಕ್ಕ.”

“ಹಲ್ಲ ನೋಡಬೇ, ಚಿಗವ್ವಾ.”

“ಹಲ್ಲಿಗೇನಾಗೇತಿ? ಇಷ್ಟ ವರ್ಷಕ್ಕ ಬಾಯಿ ಸರಿ ಬಂತಲ್ಲೋ.”

“ಮುಂದಿನದು ಅರ್ಧ ಮುರದಿತ್ತು ಅಂತ ನೀನ ಹೇಳಿದ್ದಿ.”

ಅವಳು ನೆನಪು ಮಾಡಿಕೊಳ್ಳಲು ನೋಡಿದಳು. “ನಾನಾ? ಇಲ್ಲಪಾ. ಬ್ಯಾರೆ ಯಾರದರ ಹೇಳಿರಬೇಕ.”

ಆ ಮುರಿದ ಹಲ್ಲನ್ನು ಮಾಳಸಿದ್ದನೂ ನೋಡಿದವನಲ್ಲ, ಅವಳ ಬಾಯಿಂದ ಕೇಳಿದವನು.

ಅಮಾವಾಸ್ಯೆತನಕ ನಾ ಇರೂದಿಲ್ಲ, ಇವತ್ತ ಗ್ವಾಡಿಗೆ ಹಾಕು ಅಂದಳು ಸುಂದ್ರವ್ವ. ಅವನು ಒಂದು ರಟ್ಟಿಗೆ ಅಂಟು ಸವರಿ ಚಿತ್ರವನ್ನು ಅದರ ಮೇಲಿಟ್ಟ. ಅವಳು ಅದನ್ನು ಎದೆಯ ಮೇಲೆ ಇಡಿಸಿಕೊಂಡು, ಅಕ್ಕನ ಹಣೆಗೆ ಕುಂಕುಮ ಹಚ್ಚಿದಳು. ಆಮೇಲೆ, ಯಾರೂ ಹೇಳದಿದ್ದರೂ, ಅವಳ ಹೆಬ್ಬೆರಳು ನಾಲ್ಕೂ ಮೂಲೆಗೆ ಹೋಗಿ, ಇನ್ನು ಎಂದೂ ಏಳದ ಹಾಗೆ ಒಂದೊಂದನ್ನೇ ಒತ್ತಿತು.