ಟೀಚರ್‌ಗಳಿಗೆ ಮಾತ್ರ ಇರುವ ಸಾಲು

ನಮ್ಮ ಓಹಾಯೊ ಕಡೆ ಮಾರ್ಚ್ ಬಂತೆಂದರೆ ನನ್ನ ಅಡುಗೆಮನೆ ಮೇಜಿನ ಮೇಲೆ ತಟ್ಟೆ ಇಡಲೂ ಜಾಗವಿರುವುದಿಲ್ಲ. ಊರಿನ ಅರ್ಧ ಜನರ ತೆರಿಗೆ ಕಾಗದ ತುಂಬಿಕೊಡುವವಳು ನಾನೇ. ಆ ದಿನ ನನ್ನಕ್ಕ ರೋವೀನಾ ಬೋಳುತಲೆಗೆ ಉಣ್ಣೆಯ ಟೋಪಿ ಎಳೆದುಕೊಂಡು ಬಂದಳು. ವರ್ಷಗಟ್ಟಲೆ ಶಾಲೆಯ ಬಸ್ಸು ಓಡಿಸಿ, ಸಂಜೆ ಕಾಲೇಜಿನಲ್ಲಿ ಓದಿ, ಐವತ್ತು ದಾಟಿದ ಮೇಲೆ ಒಂದನೇ ಕ್ಲಾಸಿನ ಟೀಚರ್ ಆದವಳು. ಆಗಸ್ಟಿನಲ್ಲಿ ಕೆಲಸ ಸಿಕ್ಕಿತು, ನವೆಂಬರಿನಲ್ಲಿ ಕ್ಯಾನ್ಸರ್ ಅಂದರು. ಇನ್ನು ಶಾಲೆಯ ಆಸೆ ಬಿಡಿ ಎಂದು ಡಾಕ್ಟರು ಹೇಳಿಯಾಗಿತ್ತು.

ಬಣ್ಣದ ಪೆನ್ಸಿಲ್ಲು, ಅಂಟು, ಕತೆ ಪುಸ್ತಕ, ಮಕ್ಕಳು ಕೂರಲು ಜಮಖಾನ, ಎಲ್ಲ ತನ್ನ ಸ್ವಂತ ದುಡ್ಡಿನಲ್ಲೇ ಕೊಂಡಿದ್ದಳು. ರಸೀದಿಗಳನ್ನು ಮೇಜಿನ ಮೇಲೆ ಸುರಿದಳು.

"ಇದಕ್ಕೆ ಸರ್ಕಾರ ಬಿಡೋ ತೆರಿಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಕಣಕ್ಕ. ಒಂದು ಪಿಜ್ಜಾ ಬರುತ್ತೆ ಅಷ್ಟೇ."

"ದುಡ್ಡು ಯಾರಿಗೆ ಬೇಕೇ, ಟ್ವೈಲಾ? ತೆರಿಗೆ ಕಾಗದದಲ್ಲಿ ಈ ಖರ್ಚು ಬರೆಯೋ ಸಾಲು ಟೀಚರ್‌ಗಳಿಗೆ ಮಾತ್ರ ಇರೋದು. ಅದರಲ್ಲಿ ನಂದೂ ಬರಿ."

ನಾನು ಪೆನ್ನು ಕೆಳಗಿಟ್ಟೆ. ಆ ಸಾಲು ತುಂಬಬೇಕಾದರೆ ಒಂದು ಶಾಲಾ ವರ್ಷದಲ್ಲಿ ಟೀಚರಾಗಿ ಒಂಬೈನೂರು ಗಂಟೆ ಕೆಲಸ ಮಾಡಿರಬೇಕು. ಅಕ್ಕನದು ಅದರ ಅರ್ಧಕ್ಕೇ ನಿಂತಿತ್ತು. ಬಸ್ಸು ಓಡಿಸಿದ್ದು ಲೆಕ್ಕಕ್ಕಿಲ್ಲ.

"ಯಾಕೆ ಮುಖ ಹಾಗೆ ಮಾಡ್ಕೊಂಡೆ?"

ಹೇಳಿದೆ. ಹೇಳಿದವಳೇ ಪೆನ್ನು ಎತ್ತಿಕೊಂಡೆ. "ಯಾರು ಬಂದು ಗಂಟೆ ಎಣಿಸ್ತಾರೆ? ಬರ್ದೇ ಬಿಡ್ತೀನಿ."

ಅವಳು ರಸೀದಿಗಳನ್ನು ಒಂದೊಂದಾಗಿ ಜೋಡಿಸುತ್ತ ಕೂತಳು.

"ಬೇಡ ಕಣೆ. ಪಕ್ಕದವರದ್ದು ನೋಡಿ ಬರೀಬೇಡಿ ಅಂತ ದಿನಾ ಆ ಮಕ್ಕಳಿಗೆ ಹೇಳ್ತಿದ್ದೆ. ಸೊನ್ನೆ ಹಾಕು."

"ಕಾನೂನಿಗೆ ಬೆಂಕಿ ಬೀಳ! ನಿನ್ನಂಥ ಟೀಚರು ಇನ್ಯಾರಿದ್ದಾರೆ?" ಎಂದು ಕೂಗಿದೆ. ಕೂಗುತ್ತಲೇ ಅಳು ಬಂತು. ಅವಳು ಕೇಳಿದ್ದು ಅದೊಂದೇ, ಅದನ್ನೂ ನನ್ನಿಂದ ಕೊಡಲಾಗಲಿಲ್ಲ.

ಕಣ್ಣೀರಿನಲ್ಲಿ ಸಾಲು ಸರಿಯಾಗಿ ಕಾಣದೆ ಸೊನ್ನೆ ಗೆಣಸಿನ ಹಾಗೆ ಸೊಟ್ಟಗಾಯಿತು. ಅಕ್ಕ ನಕ್ಕಳು. ಮೇಜು ಹಿಡಿದುಕೊಂಡು ಎದ್ದು, ನನ್ನ ಬೆನ್ನ ಹಿಂದೆ ಬಂದು ನಿಂತು, ನನ್ನ ಕೈ ಮೇಲೆ ತನ್ನ ತಣ್ಣನೆಯ ಕೈ ಇಟ್ಟಳು.

"ಮೇಲಿಂದ ಶುರು ಮಾಡು. ಎಡಕ್ಕೆ ಸುತ್ತು. ಆತುರ ಬೇಡ ಮರಿ."

ನನ್ನನ್ನು ಅವಳು ಯಾವತ್ತೂ ಮರಿ ಎಂದು ಕರೆದವಳಲ್ಲ. ಸೊಟ್ಟ ಸೊನ್ನೆಯ ಪಕ್ಕದಲ್ಲಿ ದುಂಡನೆಯ ಸೊನ್ನೆಯೊಂದು ಮೂಡಿತು. ಅವಳು ಕೈ ತೆಗೆಯಲಿಲ್ಲ.

"ಇನ್ನೊಂದ್ಸಲ ಬರಿ, ನೋಡೋಣ," ಎಂದಳು.

ಆ ಸಾಲಿನಲ್ಲಿ ಬರೆಯಲು ಜಾಗ ಉಳಿದಿರಲಿಲ್ಲ.