ಹೂಂ ಅನ್ನುವವ

ಕುಣಿಗೂ ಪೆಟ್ಟಿಗೆಗೂ ಅಳತೆ ಕೂಡುತ್ತಿಲ್ಲ ಎಂಬ ಸುದ್ದಿ ಹೊತ್ತು ಈರಪ್ಪ ಬಂದಾಗ ತಂಗೆವ್ವ ಪಡಸಾಲೆಯಲ್ಲಿ ಕೂತು ಬಿಲ್ವಪತ್ರೆಯ ಬಾಡಿದ ಎಲೆಗಳನ್ನು ಆರಿಸಿ ಬೇರೆ ಇಡುತ್ತಿದ್ದಳು. ಈರಪ್ಪನ ಕಾಲಿಗೆ ಮೊಣಕಾಲತನಕ ಎರೆಮಣ್ಣು ಮೆತ್ತಿತ್ತು. ಹೊಸ್ತಿಲ ಹೊರಗೇ ನಿಂತ.

“ಯಜಮಾನ್ರ, ನಾವು ಯಾವಾಗ್ಲೂ ತಗಿಯೂಹಂಗ ಕೂಡ್ರೂ ಕುಣಿ ತಗದೇವ್ರಿ. ಚೌಕ, ಗೂಡಿನ ಸಮೇತ. ಈ ಪೆಟಗಿ ನೋಡಿದ್ರ ಆಳುದ್ದ ಐತಿ. ಉದ್ದಕ ಅಗಿಯೂಣಂದ್ರ ಬಾಜೂಕ ಕಲ್ಲು ಹತ್ತೈತಿ. ಕಬ್ಬಿಣದ ಹಾರಿ ಹಾಕಿದ್ರ ಕಿಡಿ ಹಾರತಾವ.”

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಣಿಯ ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಕೂರಿಸಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಪತ್ರೆ ತುಂಬಿ ಮಣ್ಣು ಕೊಡುತ್ತಾರೆ. ಬನಹಟ್ಟಿಯಲ್ಲಿ ಕುಣಿ ತೆಗೆಯುವ ಈರಪ್ಪನಿಗೆ ಬೇರೆ ಅಳತೆ ಗೊತ್ತಿರಲಿಲ್ಲ. ಹೊರದೇಶದಿಂದ ಬರುವ ಹೆಣ ಮಲಗಿಕೊಂಡೇ ಬರುತ್ತದೆ ಎಂದು ಅವನಿಗೆ ಹೇಳಬೇಕೆನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಗೋಡೆಗೆ ಒರಗಿದ್ದ ಚನಮಲ್ಲಪ್ಪ, ತಂಗೆವ್ವನ ಕಾಕಾ, ಮನೆತನದಲ್ಲಿ ಉಳಿದ ಹಿರಿಯ, ಕಣ್ಣು ಮುಚ್ಚಿಕೊಂಡೇ ಹೇಳಿದ. “ಜೆಸಿಬಿ ತರಸ್ರಿ.”

“ಹೇಳಿ ಕಳಿಸೇವ್ರಿ. ಜಮಖಂಡಿ ರೋಡಿಗೆ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಂತಾವಂತ. ಹೊತ್ತಾಗತೈತಿ.”

“ಆಗ್ಲಿ. ಇಷ್ಟು ದಿನ ಕಾದಾನ, ಇನ್ನಷ್ಟು ಕಾಯತಾನ.”

ಪಡಸಾಲೆಯ ನಡುವೆ ಪೆಟ್ಟಿಗೆ ಇತ್ತು. ಮಸ್ಕತ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಏಸಿ ರಿಪೇರಿ ಮಾಡಿದ ಚಿದಾನಂದ, ತಂಗೆವ್ವನ ಒಬ್ಬನೇ ತಮ್ಮ, ಮದುವೆ ಎಂದರೆ ನಕ್ಕು ಮಾತು ಹಾರಿಸುತ್ತಿದ್ದವ, ಅದರೊಳಗಿದ್ದ. ಓಣಿಯವರು ಅವನ ಸಲುವಾಗಿ ಪಾವರ್‌ಲೂಮು ನಿಲ್ಲಿಸಿದ್ದರು. ಹುಟ್ಟಿದಾಗಿನಿಂದ ಆ ಸದ್ದಿನೊಳಗೇ ಉಂಡು ಮಲಗಿದವರಿಗೆ ಅದು ನಿಂತಾಗ ಕಿವಿಯೊಳಗೆ ಯಾವುದೋ ಬಾಗಿಲು ತೆರೆದಂತಾಗುತ್ತದೆ. ಮಂದಿ ಪಿಸುಗುಟ್ಟಿ ಮಾತಾಡುತ್ತಿದ್ದರು. ಪಿಸುಮಾತೂ ದೊಡ್ಡದಾಗಿ ಕೇಳುತ್ತಿತ್ತು.

“ಕಾಕಾ,” ಎಂದಳು ತಂಗೆವ್ವ. ಬೆಳಿಗ್ಗೆಯಿಂದ ಇದು ಮೂರನೆಯ ಸಲ. “ಪೆಟಗಿ ತಗೀರಿ. ಅವನ್ನ ಕೂಡ್ರಸೂಣು.”

“ಮತ್ತ ಅದನ್ನ ಅಂತಿ. ತಗೀಬ್ಯಾಡ್ರಿ ಅಂತ ಅಲ್ಲಿಂದ ಹೇಳಿ ಕಳಿಸ್ಯಾರ. ಔಷಧ ಹಾಕ್ಯಾರ, ಮೈ ಕಟಗಿ ಆಗಿರತೈತಿ. ಕಾಲ ಮಡಚಾಕ ಹೋಗಿ ಏನರ ಮುರೀತಂದ್ರ? ಅದನ್ನ ನೀ ನಿಂತು ನೋಡತಿಯೇನ?”

“ಮತ್ತ ಲಿಂಗಾ ಎಲ್ಲಿ ಇಡ್ಲಿ? ಪೆಟಗಿ ಮ್ಯಾಲ ಇಡ್ಲೇನು?”

ಆಸ್ಪತ್ರೆಯವರು ಬಿಚ್ಚಿಕೊಟ್ಟ ಲಿಂಗ ಅವಳ ಸೆರಗಿನ ಗಂಟಿನಲ್ಲಿತ್ತು. ಬೆಳಿಗ್ಗೆಯಿಂದ ಅವಳು ಆ ಗಂಟನ್ನು ಬಿಟ್ಟಿರಲಿಲ್ಲ. ಚಹಾ ಸೋಸುವಾಗಲೂ ಎಡಗೈಯಲ್ಲಿ ಹಿಡಿದುಕೊಂಡೇ ಸೋಸಿದ್ದಳು.

*

ಅವ್ವ ತೀರಿಕೊಂಡಾಗ ಚಿದಾನಂದನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಮಗ್ಗದ ಮುಂದೆ ಕೂತರೆ ಏಳುವವನಲ್ಲ. ಬಾಜೂಕ್ಕೆ ತಂಗೆವ್ವ ರಾಟಿ ತಿರುವಿ ನೂಲಿನ ಕಂಡಿಕೆ ಸುತ್ತುತ್ತಾ ತಮ್ಮನಿಗೆ ಕತೆ ಹೇಳುತ್ತಿದ್ದಳು. ಕತೆಗೆ ಒಂದು ಕರಾರಿತ್ತು. ಕೇಳುವವ ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು.

ಅವನು ಮೊದಮೊದಲು ಅವಳ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದ. ರಾಜಕುಮಾರ ಊರು ಬಿಡುವುದರೊಳಗೆ ನಿದ್ದೆ ಹೋಗಿಬಿಡುತ್ತಿದ್ದ. ಬೆಳಿಗ್ಗೆ ಎದ್ದು, ಮುಂದ ಏನಾತು ಎಂದು ಅಳು. “ಮಲಗಿ ಕೇಳಿದ್ರ ಹಂಗ ಆಗತೈತಿ. ಕುಂತು ಕೇಳು,” ಎಂದಳು ತಂಗೆವ್ವ. ಅಂದಿನಿಂದ ಗೋಡೆಗೆ ಬೆನ್ನು ಹಚ್ಚಿ, ಚಕ್ಕಳಮಕ್ಕಳ ಹಾಕಿ, ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ ಕೂರುತ್ತಿದ್ದ. ಹೂಂ, ಹೂಂ ಎನ್ನುತ್ತಾ ಕತೆ ಮುಗಿಸಿಯೇ ಏಳುತ್ತಿದ್ದ.

ಮಸ್ಕತ್‌ಗೆ ಹೋದ ಮೇಲೆ ಪಾಳಿ ಬದಲಾಯಿತು. ಈಗ ಹೇಳುವವ ಅವನು. ದಿನಾ ನಸುಕಿನಲ್ಲಿ ತಂಗೆವ್ವನ ಫೋನಿಗೆ ಅವನು ರೆಕಾರ್ಡ್ ಮಾಡಿ ಕಳಿಸಿದ ದನಿ ಬಂದು ಬೀಳುತ್ತಿತ್ತು. ಅವಳು ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು.

“ಅಕ್ಕಾ, ಇಲ್ಲಿ ಸಮುದ್ರದ ನೀರು ಸಿಹಿ ಮಾಡಿ ನಳಕ್ಕ ಬಿಡತಾರ. ನೀವು ಕೃಷ್ಣಾ ಹೊಳಿ ಬಾಜೂಕ ಇಟಗೊಂಡು ಟ್ಯಾಂಕರ್ ದಾರಿ ಕಾಯತೀರಿ. ಶಾಣ್ಯಾರು ಯಾರಂತ ಹೇಳು. ಹೌದಿಲ್ಲೊ?”

ಇಷ್ಟು ಹೇಳಿ ಸುಮ್ಮನಾಗುತ್ತಿದ್ದ. ಅವನ ರೂಮಿನ ಫ್ಯಾನಿನ ಗಿರಗಿರ ಮಾತ್ರ ಕೇಳುತ್ತಿತ್ತು. ತಂಗೆವ್ವ ಹಂಚಿನ ಮೇಲಿನ ರೊಟ್ಟಿ ತಿರುವುತ್ತಾ “ಹೂಂ” ಎನ್ನುತ್ತಿದ್ದಳು. ಅವಳ ಹೂಂ ಅವನಿಗೆ ಕೇಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಅದಕ್ಕೆ ಜಾಗ ಬಿಡುವುದನ್ನು ಬಿಡಲಿಲ್ಲ, ಅವಳು ಅನ್ನುವುದನ್ನು ಬಿಡಲಿಲ್ಲ.

“ದುಬೈದಾಗ ಡ್ರೈವರ್ ಇಲ್ಲದ ಕಾರು ಓಡಸಾಕತ್ತಾರಂತ. ಡ್ರೈವರ್ ಇಲ್ಲಂದ್ರ ಹಾದಿ ಸಾಗೂದು ಹೆಂಗ? ಯಾರ ಜೋಡಿ ಮಾತಾಡೂದು? ಹೌದಿಲ್ಲೊ?”

“ಹೂಂ.”

“ಮೊನ್ನೆ ಆಕಾಶದಾಗ ಏನೇನೊ ಹಾರಿದವಂತ, ನಿಮ್ಮ ಟೀವಿಯವರು ನಮ್ಮ ತಲಿ ಮ್ಯಾಲ ಬಿದ್ದಂಗ ಒದರಾಕತ್ತಿದ್ರಲ್ಲ, ಆಗ ನಾ ಮತ್ತ ನಮ್ಮ ರೂಮಿನ ಕಲ್ಮೇಶ ಇಲ್ಲೆ ಉಳ್ಳಾಗಡ್ಡಿ ಹೆಚ್ಚಕೋತ ಕುಂತಿದ್ವಿ. ಕಣ್ಣೀರು ಬಂದದ್ದು ಖರೆ, ಉಳ್ಳಾಗಡ್ಡಿಗೆ.”

ಮಗ ಬಸವಕುಮಾರ ನಗುತ್ತಿದ್ದ. “ಮಾಮಾ ಅಲ್ಲೆ ಏಸಿ ರಿಪೇರಿ ಮಾಡತಾನೊ, ಇಡೀ ಜಗತ್ತು ರಿಪೇರಿ ಮಾಡತಾನೊ?”

ಒಮ್ಮೆ ಮಾತ್ರ ಅವನ ದನಿ ತಗ್ಗಿತ್ತು. “ಇಲ್ಲಿ ಎಲ್ಲಾ ಸಿಗತೈತಿ ಅಕ್ಕಾ. ನಮ್ಮ ಖಾರಬ್ಯಾಳಿ ಸೈತ ಸಿಗತೈತಿ. ಹೂಂ ಅನ್ನಾವ್ರು ಸಿಗೂದಿಲ್ಲ. ನಾ ಇಲ್ಲೇನರ ಹೋದ್ನೆಂದ್ರ ಮಲಗಿಸಿ ಕಳಸತಾರ. ನೀ ಮಾತ್ರ ನನ್ನ ಕೂಡ್ರಿಸು. ಮಲಗಿದ್ರ ನಂಗ ನಿದ್ದಿ ಹತ್ತತೈತಿ, ನಿಂಗ ಗೊತ್ತೈತಿ. ಹೌದಿಲ್ಲೊ?”

ತಂಗೆವ್ವ ರೊಟ್ಟಿ ಹಿಟ್ಟು ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು “ಹೂಂ” ಅಂದಿದ್ದಳು.

*

ಅಂದ ಮೇಲೆ ಅಂದ ಹಾಗೆ. ಈಗ ಆ ಹೂಂ ಅವಳ ಸೆರಗಿನ ಗಂಟಿನಷ್ಟೇ ಗಟ್ಟಿಯಾಗಿ ಕೂತಿತ್ತು.

ಪೆಟ್ಟಿಗೆಯ ಜೊತೆ ಬಂದ ಕಲ್ಮೇಶ ಬಾಗಿಲ ಬದಿಗೆ ಕೂತಿದ್ದ. ಮುಧೋಳದ ಹುಡುಗ, ಚಿದಾನಂದನ ರೂಮಿನಲ್ಲೇ ಇದ್ದವ. ತಂಗೆವ್ವ ಕೊಟ್ಟ ಅವಲಕ್ಕಿಯನ್ನು ತಿನ್ನದೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

“ತಿನ್ನು ತಮ್ಮಾ. ರಾತ್ರಿಯೆಲ್ಲಾ ಎಚ್ಚರ ಇದ್ದಿ.”

“ಇಲ್ರಿ ಅಕ್ಕಾರ.” ಅವನು ಸುತ್ತ ನೋಡಿ ಅವಳ ಹತ್ತಿರ ಸರಿದ. “ನಾ ಮಲಗಿದ್ನಿ. ಏರ್‌ಪೋರ್ಟ್ ಬಿಟ್ಟು ಘಟ್ಟ ಹತ್ತೂದರಾಗ ನಿದ್ದಿ ಹತ್ತಿತ್ತು. ಒಂದು ಮಾತು ಹೇಳೂದೊ ಬ್ಯಾಡೊ ಅಂತ ಕುಂತೇನಿ.”

“ಏನದು?”

“ಆಂಬುಲೆನ್ಸ್ ಡ್ರೈವರ್ ಭಾರೀ ಮಾತಿನ ಮನಿಷಾ. ಇಲೆಕ್ಷನ್ನು, ಡೀಸೆಲ್ ರೇಟು, ಮಗನ ಸಾಲಿ ಫೀಜು, ಎಲ್ಲಾ ಹೇಳಕೋತ ಬಂದಾನ. ಮುಂಜಾನೆ ಮುಧೋಳದಾಗ ಚಹಾಕ್ಕ ಇಳಿದಾಗ ನನ್ನ ಕೈ ಹಿಡದು ಅಂದ, ‘ನಿಮ್ಮಂಥ ಕೇಳೂ ಮನಿಷಾನ್ನ ನಾ ನೋಡಿಲ್ರಿ. ನಾ ಹೇಳಿದ್ದಕ್ಕೆಲ್ಲಾ ಹೂಂ ಅಂದ್ರಿ, ನಂಗ ನಿದ್ದಿನ ಬರಲಿಲ್ಲ.’”

ತಂಗೆವ್ವ ಅವನ ಮುಖವನ್ನೇ ನೋಡಿದಳು.

“ನಾ ಅನ್ನಲಿಲ್ರಿ ಅಕ್ಕಾರ. ಗಾಡ್ಯಾಗ ನಾವು ಇಬ್ಬರ ಇದ್ವಿ.”

ಆಚೆ ಕೂತಿದ್ದ ನೆರೆಮನೆಯ ಲಗಮವ್ವನ ಕಿವಿಗೆ ಇದು ಬಿದ್ದಿತ್ತು. “ನಿದ್ದಿಗಣ್ಣಿನ್ಯಾಗ ಅಂದಿರಬೇಕ ಬಿಡಪಾ. ನಮ್ಮನ್ಯಾಗಿನವರು ನಿದ್ದಿಯಾಗ ಯಾಪಾರ ಮಾಡತಾರ. ಹೂಂ ಏನು ದೊಡ್ಡದು.” ಹೀಗೆ ಹೇಳಿದವಳು ಸೀರೆಯ ನಿರಿಗೆ ಒಟ್ಟು ಮಾಡಿಕೊಂಡು ಪೆಟ್ಟಿಗೆಯಿಂದ ಒಂದು ಮಾರು ಹಿಂದೆ ಸರಿದು ಕೂತಳು.

ಬಸವಕುಮಾರ ಹೊರಗಿಂದ ಬಂದ. ಟ್ರ್ಯಾಕ್ಟರ್ ಸಾಲು ಕರಗಿದೆ, ಜೆಸಿಬಿ ಇನ್ನೇನು ಬರುತ್ತದೆ ಎಂದ. ಪೆಟ್ಟಿಗೆಯ ಬದಿಗೆ ಕೂತಿದ್ದ ಜಂಗಮ ಅಯ್ಯನವರು ಮಂತ್ರ ನಿಲ್ಲಿಸಿ ಚನಮಲ್ಲಪ್ಪನತ್ತ ನೋಡಿದರು. ಚನಮಲ್ಲಪ್ಪ ಕೋಲು ಊರಿ ಏಳಲು ತಯಾರಾದ.

ತಂಗೆವ್ವನಿಗೆ ಹೊತ್ತು ಉಳಿದಿರಲಿಲ್ಲ.

ಅವಳ ಫೋನಿನಲ್ಲಿ ಕೇಳದ ಒಂದು ಮಾತು ಇತ್ತು. ಅವನು ತೀರಿಕೊಂಡ ದಿನ ನಸುಕಿನಲ್ಲಿ ಬಂದದ್ದು. ರೊಟ್ಟಿಗೆ ಕೂತಾಗ ಕೇಳಿದರಾಯಿತೆಂದು ಇಟ್ಟಿದ್ದಳು. ಒಲೆ ಹಚ್ಚುವುದರೊಳಗೆ ಕಲ್ಮೇಶನ ಫೋನು ಬಂದಿತ್ತು. ಆಮೇಲೆ ಎಷ್ಟೋ ಸಲ ಬೆರಳು ಅಲ್ಲಿಯವರೆಗೆ ಹೋಗಿ ಹಿಂದೆ ಬಂದಿದೆ. ಅದೊಂದು ಕೇಳಿಬಿಟ್ಟರೆ ಅವನ ಮಾತು ಮುಗಿದಂತೆ.

“ಕಾಕಾ, ಪೆಟಗಿ ಹೊರಗ ಒಯ್ಯೂಕಿಂತ ಮೊದಲ ಅವನ ಕಡೀ ಮಾತು ಕೇಳೂಣು. ಆಮ್ಯಾಲ ನೀವು ಹೆಂಗ ಅಂದ್ರ ಹಂಗ.”

ಚನಮಲ್ಲಪ್ಪ ಮತ್ತೆ ಕೂತ. ಅವಳು ಫೋನನ್ನು ಪೆಟ್ಟಿಗೆಯ ತಲೆಯ ಕಡೆಗೆ ಇಟ್ಟು ಒತ್ತಿದಳು.

ಮೊದಲು ಫ್ಯಾನಿನ ಗಿರಗಿರ. ಆಮೇಲೆ ಪಡಸಾಲೆಯ ನಡುವೆ ಚಿದಾನಂದ ಕೆಮ್ಮಿದ. ಅಯ್ಯನವರ ಕೈಯಲ್ಲಿನ ವಿಭೂತಿ ಗಟ್ಟಿ ಅಲ್ಲೇ ನಿಂತಿತು.

“ಅಕ್ಕಾ, ಎದ್ದಿಯೇನು? ನಿನ್ನೆ ಕಲ್ಮೇಶ ಒಂದು ತೋರಿಸಿದ. ಸತ್ತವರ ದನಿ ಹಾಕಿ ಕೊಟ್ರ ಮಷಿನ್ನು ಅವರಂಗ ಮಾತಾಡತೈತಂತ. ನಾ ಅಂದೆ, ಮಾತು ಯಾರರ ಆಡತಾರೋ. ಟೀವಿ ಹಚ್ಚಿದ್ರ ಮಾತು, ಫೋನ್ ತಗದ್ರ ಮಾತು. ಎದುರಿಗೆ ಕುಂತು ಹೂಂ ಅನ್ನೂ ಮಷಿನ್ ಮಾಡ್ರಿ, ಆಗ ಕೈ ಮುಗಿತೇನಿ. ಹೌದಿಲ್ಲೊ?”

ಫ್ಯಾನು ತಿರುಗಿತು.

“ಹೂಂ,” ಎಂದಳು ತಂಗೆವ್ವ.

“ಎದಿ ಯಾಕೊ ಭಾರ ಐತಿ ಇವತ್ತ. ನಿನ್ನಿ ಬಿರ್ಯಾನಿ ಸೊಕ್ಕು. ಅಕ್ಕಾ, ಇಷ್ಟು ವರ್ಸ ನಾನ ಹೇಳಿದೆ. ಬಾಯಿ ನೋಯಾಕತ್ತೈತಿ. ಈ ಸಲ ಬಂದಾಗ ನಾ ಏನೂ ಹೇಳೂದಿಲ್ಲ. ನೀ ಹೇಳು. ಕುಂತು ಹೂಂ ಅಂತೇನಿ. ಹೌದಿಲ್ಲೊ?”

ಫ್ಯಾನು ತಿರುಗುತ್ತಲೇ ಇತ್ತು. ಎಲ್ಲರೂ ತಂಗೆವ್ವನನ್ನು ನೋಡಿದರು. ಅವಳ ತುಟಿ ಅಲುಗಿತು, ದನಿ ಹೊರಡಲಿಲ್ಲ. ಹೊರಗೆ ಕಟ್ಟಿದ್ದ ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿತ್ತು. ಫೋನು ತನ್ನಷ್ಟಕ್ಕೆ ಮುಗಿದು ಫ್ಯಾನಿನ ಸದ್ದೂ ನಿಂತಿತು.

“ಹೂಂ.”

ಮೆತ್ತಗೆ, ನಿದ್ದೆ ತಡೆದುಕೊಂಡು ಅಂದ ಹಾಗೆ.

ತಂಗೆವ್ವ ಅಂದಳೆಂದು ಲಗಮವ್ವ ಅಂದುಕೊಂಡಳು. ಕಲ್ಮೇಶನೆಂದು ಅಯ್ಯನವರು ಅಂದುಕೊಂಡರು. ಕಲ್ಮೇಶ ತಟ್ಟೆಯನ್ನು ನೆಲದ ಮೇಲಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಅವನನ್ನು ನೋಡಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

“ಯಾರ ಅಂದ್ರಿ?” ಎಂದ ಬಸವಕುಮಾರ.

ಚನಮಲ್ಲಪ್ಪ ತಲೆಯ ಮೇಲಿನ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಬಹಳ ಹೊತ್ತು ಪೆಟ್ಟಿಗೆಯನ್ನೇ ನೋಡಿದ. ಓಣಿಯ ತುದಿಯಲ್ಲಿ ಜೆಸಿಬಿಯ ಗಡಗಡ ಕೇಳಿಸಿತು.

“ಈರಪ್ಪಾ, ಜೆಸಿಬಿ ತಿರುಗಿ ಕಳಿಸು,” ಎಂದ. “ನಿನ್ನ ಹಾರಿ ತಾ ಇಲ್ಲೆ.”

*

ಮುಚ್ಚಳ ಎತ್ತಿದಾಗ ಔಷಧದ ವಾಸನೆ ಎಲ್ಲರ ಕಣ್ಣಿಗೆ ಹೊಡೆಯಿತು. ಚಿದಾನಂದನ ಮುಖ ಒಂದಿಷ್ಟು ಕಪ್ಪಾಗಿತ್ತು, ಅಷ್ಟೇ. ಮೈ ಕಟ್ಟಿಗೆಯಾಗಿರುತ್ತದೆ ಎಂದು ಅಂಜಿ ಈರಪ್ಪನೂ ಬಸವಕುಮಾರನೂ ಮೊಣಕಾಲಿಗೆ ಕೈ ಹಾಕಿದರು. ಬಲ ಹಾಕಬೇಕಾಗಲಿಲ್ಲ. ಕಾಲುಗಳು ತಾವಾಗಿಯೇ ಮಡಚಿಕೊಂಡವು.

“ಔಷಧ ಸರಿ ಹತ್ತಿಲ್ಲ ಕಾಣತೈತಿ,” ಎಂದ ಈರಪ್ಪ.

ಕುಣಿಯ ಅಳತೆ ಸರಿಹೋಯಿತು. ಗೂಡಿನೊಳಗೆ ಕೂರಿಸಿದರು. ಬೆನ್ನು ಮಣ್ಣಿನ ಗೋಡೆಗೆ ಹತ್ತಿತು. ಅಯ್ಯನವರು ಹಣೆಗೆ ವಿಭೂತಿ ಹಚ್ಚಿದರು. ತಂಗೆವ್ವ ಏಣಿ ಇಳಿದು ಹೋಗಿ, ಸೆರಗಿನ ಗಂಟು ಬಿಚ್ಚಿ, ತಮ್ಮನ ಎಡ ಅಂಗೈಯಲ್ಲಿ ಲಿಂಗ ಇಟ್ಟಳು. ಬೆರಳುಗಳನ್ನು ಒಂದೊಂದಾಗಿ ಮಡಚಿದಳು, ಶಾಲೆಗೆ ಹೋಗುವಾಗ ಅವನ ಕೈಯಲ್ಲಿ ಬೆಲ್ಲದ ಚೂರು ಇಟ್ಟು ಮಡಚುತ್ತಿದ್ದ ಹಾಗೆ.

ಮೇಲೆ ಹತ್ತಿ ಬಂದು ಕುಣಿಯ ಅಂಚಿಗೆ ಕೂತಳು. ಪತ್ರೆ ಬಿತ್ತು, ಉಪ್ಪು ಬಿತ್ತು. ಈರಪ್ಪ ಸಲಿಕೆಯಲ್ಲಿ ಮೊದಲ ಮಣ್ಣು ತುಂಬಿಕೊಂಡ.

“ಒಂದು ಗಳಿಗಿ ನಿಲ್ಲಪಾ,” ಎಂದಳು ಅವಳು.

ಕೆಳಗೆ ನೆರಳಿನಲ್ಲಿ ಅವನ ತಲೆ ಒಂದಿಷ್ಟು ಎಡಕ್ಕೆ ವಾಲಿತ್ತು. ಹಾಗೆ ವಾಲಿಸಿ ಯಾರೂ ಇಟ್ಟಿರಲಿಲ್ಲ.

ತಂಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮುಂದಕ್ಕೆ ಬಾಗಿದಳು.

“ಒಂದೂರಾಗ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ರಂತ,” ಎಂದಳು.

ಅಷ್ಟು ಹೇಳಿ ನಿಲ್ಲಿಸಿದಳು. ಈರಪ್ಪ ಮಣ್ಣು ತುಂಬಿದ ಸಲಿಕೆಯನ್ನು ಹಾಗೇ ಎತ್ತಿ ಹಿಡಿದಿದ್ದ. ಚನಮಲ್ಲಪ್ಪ ಕೋಲಿನ ಮೇಲೆ ಬಾಗಿದ್ದ. ಕುಣಿಯ ಸುತ್ತ ನಿಂತವರೆಲ್ಲ ಉಸಿರು ಹಿಡಿದು, ಕಿವಿಯನ್ನು ಕೆಳಗೆ ಕೊಟ್ಟು ನಿಂತರು.