ಚೆಲುವಿಯ ಸಾಕ್ಷಿ

ಹಾರನ್ನು, ಮತ್ತೆ ಹಾರನ್ನು, ಹೊಡೀರಪ್ಪ ಹೊಡೀರಿ, ನಿಮ್ಮ ಆಫೀಸು ಎಲ್ಲಿಗೂ ಓಡಿಹೋಗುವುದಿಲ್ಲ, ಒಣಹುಲ್ಲಿನ ಎಳೆಯೊಂದು ಹಾರಿ ಪಕ್ಕದ ಕಾರಿನ ಗಾಜಿಗೆ ಅಂಟಿಕೊಂಡಿತು, ಒಳಗಿದ್ದವನು ವೈಪರ್ ಹಾಕಿದ, ಎಳೆ ಜಗ್ಗಲಿಲ್ಲ, ಕರಿಯಮ್ಮನಿಗೆ ನಗು ತಡೆಯಲಾಗಲಿಲ್ಲ — ಸರ್ಕಾರದ ಹುಲ್ಲು ಕಣಪ್ಪ, ಅಷ್ಟು ಸುಲಭಕ್ಕೆ ಬರುತ್ತದೆಯೇ, ನನಗೇ ನಲವತ್ತು ದಿನ ಹಿಡಿಯಿತು. ಲಾರಿಯ ಮುಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತಿದ್ದಾಳೆ, ಬೆನ್ನ ಹಿಂದೆ ಏಳು ಎಮ್ಮೆಗಳ ಎರಡು ತಿಂಗಳ ಮೇವು, ಶೋಳಿಂಗನಲ್ಲೂರಿನ ಸಿಗ್ನಲ್ ಇನ್ನೂ ಕೆಂಪು. ಫೋನು — ಮಗಳು ಕೃತಿ, ಅಮ್ಮಾ, ಉನ್ ಲಾರಿ ಪಿನ್ನಾಡಿದಾನ್ ಎನ್ ಕ್ಯಾಬ್, ಹಿಂದ್ಗಡೆನೇ ಇದ್ದೀಯಾ ಮಗಾ, ಹಂಗಾರೆ ನಿನ್ ಡ್ರೈವರ್‌ಗೆ ಹೇಳು, ಹಾರನ್ ಹೊಡೀಬ್ಯಾಡ, ಇದು ನಮ್ಮವ್ವನ ಮೆರವಣಿಗೆ ಅಂತ — ಇದೇ ಹುಡುಗಿ ಹೋದ ತಿಂಗಳು ವಿತ್ತುಡು ಮಾ, ಎಮ್ಮೆಗಳನ್ನು ಮಾರಿಬಿಡು, ಎಂದು ಬೆನ್ನು ಬಿದ್ದವಳು, ವ್ಯಾಪಾರಿಗೆ ಶುಕ್ರವಾರ ಬಾ ಎಂದು ಹೇಳಿಯೂ ಆಗಿತ್ತು, ಇವತ್ತೇ ಶುಕ್ರವಾರ, ಬರಬೇಡ ಹೋಗು ಎಂದು ಬೆಳಿಗ್ಗೆ ಕರಿಯಮ್ಮ ತಾನೇ ಫೋನು ಮಾಡಿದಳು, ಆಹಾ, ಎಂಥಾ ಸುಖ ಆ ಮಾತು ಹೇಳುವುದಕ್ಕೆ.

ಮಾರುವುದೆಂದರೇನು, ಗಟ್ಟಿ ಮೊಸರಿಲ್ಲದೆ ಊಟ ಸೇರದ ಗಂಡ ಗಂಗಾಧರ ಪೆರಂಬೂರಿನ ರೈಲು ಕಾರ್ಖಾನೆಯಲ್ಲಿದ್ದಾಗ ಕಟ್ಟಿದ ಒಂದು ಎಮ್ಮೆ, ಅವನು ಹೋದ ಮೇಲೆ ಅವಳು ಏಳು ಮಾಡಿದಳು, ಹತ್ತೊಂಬತ್ತು ವರ್ಷ ಈ ಕಂಪನಿಗಳ ಹಿಂದಿನ ಜೌಗಿನಲ್ಲೇ ಮೇಯಿಸಿದಳು, ಆಮೇಲೆ ಚಂಡಮಾರುತ, ಇಪ್ಪತ್ತು ದಿನ ನಿಂತ ನೀರು, ನೀರಿಳಿದಾಗ ಹುಲ್ಲಿಲ್ಲ, ಬರೀ ಕಪ್ಪು ಕೆಸರು, ಕೋಯಂಬೇಡಿನ ತರಕಾರಿ ಮಾರುಕಟ್ಟೆಯಿಂದ ಆಟೋದಲ್ಲಿ ಕೋಸಿನ ಹೊರಗಿನ ಎಲೆ ತಂದು ಹಾಕಿದರೆ ಗಬ್ಬದ ಎಮ್ಮೆ ಚೆಲುವಿಗೆ ಹೊಟ್ಟೆಯುಬ್ಬರ, ಪರಿಹಾರ ಕೇಳಲು ಹೋದರೆ ಕಚೇರಿಯ ಗುಮಾಸ್ತ ತಲೆ ಎತ್ತದೆ, ಎರುಮೈ ಸಾಗಲೈಯೇ ಅಮ್ಮಾ, ಎಮ್ಮೆ ಸತ್ತಿಲ್ಲವಲ್ಲ, ಸತ್ತಿದ್ದರೆ ಸುಲಭವಿತ್ತು — ಅವನ ಬಾಯಿಗೆ ಮಣ್ಣು ಹಾಕ — ಮೇವು ಹೋದದ್ದಕ್ಕೂ ಪರಿಹಾರ ಉಂಟು, ಸರ್ಕಾರ ಮೇವೇ ಕೊಡುತ್ತದೆ, ಆದರೆ ಅಲ್ಲೇ ಮೇಯಿಸಿದೆ ಎನ್ನುವುದಕ್ಕೆ ಸಾಕ್ಷಿ ಏನು? ಯಾರ ಹೆಸರಿನಲ್ಲೂ ಇಲ್ಲದ ಹುಲ್ಲಿಗೆ ಯಾವ ಕಾಗದ ತರಲಿ, ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತದ್ದು ಯಾರಿಗೂ ಗೊತ್ತಿಲ್ಲ.

ತನಿಖೆಗೆ ಬಂದ ದನದ ಡಾಕ್ಟರು ನಮಿತಾ ಹೊಸೂರಿನವಳು, ಕನ್ನಡ ಬಲ್ಲವಳು, ಸುತ್ತಲೂ ಗೋಡೆ, ಗಾಜಿನ ಕಟ್ಟಡ, ಇಲ್ಲಿ ಮೇಯ್ತಿದ್ವು ಅಂತ ನಾನ್ ಹೆಂಗಮ್ಮಾ ಬರೀಲಿ? ಹಗ್ಗ ಬುಚ್ತೀನಿ ಕಣವ್ವಾ, ಅವೇ ಹೇಳ್ಲಿ, ಎಂದಳು ಕರಿಯಮ್ಮ. ಏಳನ್ನೂ ಬಿಚ್ಚಿ ದೂರ ನಿಂತಳು, ಹೋಯ್ ಎಂದೂ ಅನ್ನಲಿಲ್ಲ, ಚೆಲುವಿ ಮುಂದೆ, ಆರು ಹಿಂದೆ, ಟೀ ಅಂಗಡಿ ದಾಟಿ, ಬಸ್ಸು ನಿಲ್ಲಿಸಿ, ರಸ್ತೆ ದಾಟಿ, ಗೋಡೆ ಮುರಿದ ಸಂದಿನಲ್ಲಿ ತಿರುಗಿ ಒಂದರ ಹಿಂದೆ ಒಂದು ಕೆಸರಿಗೆ ಇಳಿದವು, ತಮ್ಮ ತಮ್ಮ ಜಾಗದಲ್ಲಿ ನಿಂತು ತಲೆ ತಗ್ಗಿಸಿದವು. ಚೆಲುವಿ ನಾಲಿಗೆ ಚಾಚಿದಳು, ಹುಲ್ಲಿನ ಬುಡಕ್ಕೆ ಸುತ್ತುವ ಹಾಗೆ ಸುತ್ತಿ ಎಳೆದಳು, ಕೆಸರು ಬಂತು, ಇನ್ನೊಮ್ಮೆ ಸುತ್ತಿದಳು, ಮತ್ತೆ ಕೆಸರು, ಆ ಕಪ್ಪು ನಾಲಿಗೆ, ಮೂಕ ಪ್ರಾಣಿ, ಇದ್ದೇ ಇರುತ್ತದೆ ಎಂದು ನಂಬಿ ಹುಡುಕುತ್ತಲೇ ಇದೆ — ಸಾಕು, ವಾಪಸ್ ಕರೀರಿ ಅಮ್ಮಾ, ಎಂದಳು ನಮಿತಾ, ಅಲ್ಲೇ ನಿಂತು ಬರೆದು ಸಹಿ ಹಾಕಿದಳು.

ಹಸಿರು ಬಿತ್ತು, ಲಾರಿ ಹೊರಟಿತು, ಇಗೋ ಟೀ ಅಂಗಡಿ, ಇಗೋ ಕೊಟ್ಟಿಗೆ, ವಾಸನೆ ಹಿಡಿದು ಏಳೂ ಎದ್ದುನಿಂತಿವೆ, ಅವಳು ಕೆಳಗೆ ಹಾರಿದಳು, ಈ ವಯಸ್ಸಿನಲ್ಲಿ ಹಾರಿದಳು, ಮೊದಲ ತೆಕ್ಕೆ ಚೆಲುವಿಯ ಮುಂದೆ, ಗೆದ್ದೆವು ಕಣೇ ಎಂದು ಕೂಗಬೇಕು, ಬೀದಿಗೆಲ್ಲ ಕೇಳುವಂತೆ ಕೂಗಬೇಕು, ಅಷ್ಟರಲ್ಲಿ ನಾಲಿಗೆ ಚಾಚಿದಳು ಚೆಲುವಿ, ಸುತ್ತಿದಳು, ಎಳೆದಳು, ಈ ಸಲ ಹುಲ್ಲು ಬಂತು, ನಾಲಿಗೆಯ ತುಂಬ ಹುಲ್ಲು, ಆ ನಾಲಿಗೆ —